ಸ್ಪೀಕರ್ ಆದವರು ಯಾವ ಪಕ್ಷದವರು? ನನ್ನ ವಿದ್ಯಾರ್ಥಿನಿಗೆ ಏನು ಹೇಳಲಿ?

ಸಮಾಜ ಪಾಠದ ಟೀಚರ್

ಎಲ್ಲರಿಗೂ ನಮಸ್ಕಾರ. ಕಾರ್ಕಳ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಬರುವ ಶನಿವಾರ ನಮ್ಮಲ್ಲಿ ಅಣಕು ಸಂಸತ್ತು ಇದೆ. ಒಂಬತ್ತನೇ ತರಗತಿಯಲ್ಲಿ 41 ಮಕ್ಕಳಿದ್ದಾರೆ. ಪ್ರಧಾನಿಯಾಗಲು ಹನ್ನೊಂದು ಕೈಗಳು ಮೇಲೆದ್ದವು. ವಿರೋಧ ಪಕ್ಷದ ನಾಯಕನಾಗಲು ಜಗಳವೇ ನಡೆಯಿತು. ಸ್ಪೀಕರ್ ಯಾರಾಗುತ್ತೀರಿ ಎಂದು ಕೇಳಿದಾಗ ತರಗತಿ ತಣ್ಣಗಾಯಿತು. ಕೊನೆಗೆ ಎರಡನೇ ಸಾಲಿನ ತುದಿಯಲ್ಲಿ ಕೂರುವ, ಕೇಳಿದರೆ ಮಾತ್ರ ಬಾಯಿ ಬಿಡುವ ಹುಡುಗಿಯೊಬ್ಬಳನ್ನು ನಾನೇ ಒಪ್ಪಿಸಿದೆ. ಅವಳಿದ್ದದ್ದು ಆಡಳಿತ ಪಕ್ಷದ ಗುಂಪಿನಲ್ಲಿ. ಮಕ್ಕಳು ರಟ್ಟಿನಲ್ಲಿ ಕತ್ತರಿಸಿ ಮಾಡಿಕೊಂಡ ಪಕ್ಷದ ಚಿಹ್ನೆ, ಒಂದು ತೆಂಗಿನ ಮರ, ಅವಳ ಸಮವಸ್ತ್ರದ ಮೇಲೂ ಇತ್ತು.

ಮರುದಿನ ಅವಳು ಬೆಳಗಿನ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೇಳಿದ್ದು ಒಂದೇ ಪ್ರಶ್ನೆ: "ಟೀಚರ್, ಈಗ ನಾನು ಯಾವ ಪಕ್ಷದವಳು?"

ಸ್ಪೀಕರ್ ಎಲ್ಲ ಪಕ್ಷಗಳಿಗೂ ಸೇರಿದವರು ಎಂದೆ. ಅವಳು ಒಪ್ಪಲಿಲ್ಲ. "ಅವರು ಗೆದ್ದು ಬರುವುದು ಪಕ್ಷದ ಚಿಹ್ನೆಯಿಂದಲೇ ಅಲ್ಲವೇ? ಆ ಕುರ್ಚಿಯಲ್ಲಿ ಕುಳಿತ ಕೂಡಲೇ ಚಿಹ್ನೆ ಎಲ್ಲಿಗೆ ಹೋಗುತ್ತದೆ?" ಎಂದಳು.

ಸಂವಿಧಾನದ 93ನೇ ವಿಧಿ, ಲೋಕಸಭೆ ತನ್ನ ಸದಸ್ಯರಲ್ಲಿಯೇ ಒಬ್ಬರನ್ನು ಆರಿಸಿಕೊಳ್ಳುವುದು, ಸದನದ ಶಿಸ್ತು ಕಾಪಾಡುವುದು, ಇವನ್ನೆಲ್ಲ ಪ್ರತಿ ವರ್ಷ ಪಾಠ ಮಾಡುತ್ತೇನೆ. ಚಿಹ್ನೆ ಎಲ್ಲಿಗೆ ಹೋಗುತ್ತದೆ ಎಂದು ಈವರೆಗೆ ಯಾವ ಮಗುವೂ ಕೇಳಿರಲಿಲ್ಲ. ನಮ್ಮ ಕೌಡೂರಿನವರೇ ಆದ ಸದಾನಂದ ಹೆಗ್ಡೆಯವರು 1977ರಿಂದ 1980ರವರೆಗೆ ಲೋಕಸಭೆಯ ಸ್ಪೀಕರ್ ಆಗಿದ್ದರು ಎಂದು ಹೇಳಿ ಆ ಹೊತ್ತಿಗೆ ಅವಳನ್ನು ಕಳುಹಿಸಿದೆ. ಅದು ಉತ್ತರವಲ್ಲ ಎಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು.

ದೆಹಲಿಯ ಸದನವನ್ನು ಹತ್ತಿರದಿಂದ ಬಲ್ಲವರು, ಕಾನೂನು ಬಲ್ಲವರು ದಯವಿಟ್ಟು ಬರೆಯಿರಿ. ಹದಿನಾಲ್ಕು ವರ್ಷದ ಮಗುವಿಗೆ ಹೇಳುವ ಹಾಗಿರಲಿ. ಆದರೆ ಮಗು ಎಂದು ಏನನ್ನೂ ಮುಚ್ಚಿಡಬೇಡಿ.

ಸುದ್ದಿಮನೆಯ ಕರಡು

ಟೀಚರ್ ಅವರೇ, ಉತ್ತರ ಹೇಳುವಷ್ಟು ತಿಳಿದವನು ನಾನಲ್ಲ. ಪತ್ರಿಕೆಯಲ್ಲಿ ಕರಡು ತಿದ್ದುವವನಾಗಿ ಒಂದು ಮಾತು ಹೇಳುತ್ತೇನೆ. ಮಕ್ಕಳ ಬಾಯಲ್ಲಿ "ಸಭಾಪತಿಯವರೇ" ಎಂದು ಬಾರದಂತೆ ನೋಡಿಕೊಳ್ಳಿ. ಸಭಾಪತಿ ಎಂದರೆ ರಾಜ್ಯಸಭೆಯಲ್ಲಿ ಉಪರಾಷ್ಟ್ರಪತಿ, ನಮ್ಮಲ್ಲಿ ವಿಧಾನ ಪರಿಷತ್ತಿನ ಪೀಠದಲ್ಲಿರುವವರು. ಲೋಕಸಭೆಯಲ್ಲೂ ವಿಧಾನಸಭೆಯಲ್ಲೂ ಇರುವವರು ಸಭಾಧ್ಯಕ್ಷರು. ನಾವು ಶೀರ್ಷಿಕೆಯಲ್ಲಿ ಜಾಗ ಸಾಲದೆ ಸ್ಪೀಕರ್ ಎಂದು ಬರೆಯುತ್ತೇವೆ. "ಮಾನ್ಯ ಸಭಾಧ್ಯಕ್ಷರೇ" ಎಂದು ಕಲಿಸಿ. ಸದಸ್ಯರು ಎದುರು ಪಕ್ಷದವರನ್ನು ನೇರವಾಗಿ "ನೀವು" ಎನ್ನುವಂತಿಲ್ಲ, ಎಲ್ಲ ಮಾತೂ ಪೀಠದ ಮೂಲಕವೇ ಹೋಗಬೇಕು. ಈ ಒಂದು ನಿಯಮವನ್ನು ಮಕ್ಕಳು ಪಾಲಿಸಿದರೂ ಅರ್ಧ ಜಗಳ ತಾನಾಗಿ ತಣಿಯುತ್ತದೆ. ಬೈಗುಳವನ್ನು ಮೂರನೆಯವರ ಮುಖ ನೋಡಿಕೊಂಡು ಹೇಳುವುದು ಕಷ್ಟ.

ಪೆನ್ಸಿಲ್ ಮತ್ತು ಮೇಜು

ಟೀಚರ್, ನಿಮ್ಮ ವಿದ್ಯಾರ್ಥಿನಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ.

ನಾನು ಲೋಕಸಭೆಯಲ್ಲಿ ಶೀಘ್ರಲಿಪಿ ವರದಿಗಾರನಾಗಿದ್ದವನು. ಈಗ ಮೈಸೂರಿನಲ್ಲಿದ್ದೇನೆ. ಸದನದ ನಡುವೆ, ಸ್ಪೀಕರ್ ಪೀಠದ ಕೆಳಗೆ, ಪತ್ರಿಕೆಗಳು "ಸದನದ ಬಾವಿ" ಎಂದು ಬರೆಯುವ ಜಾಗದಲ್ಲಿ ನಮ್ಮ ಮೇಜು. ಬಾವಿಗೆ ಇಳಿದು ಬಂದವರ ಮೊಣಕೈ ನನ್ನ ಪುಸ್ತಕದ ಅಂಚಿಗೆ ತಗುಲಿದ ದಿನಗಳು ಲೆಕ್ಕವಿಲ್ಲದಷ್ಟು. ಕೆಲವು ನಿಮಿಷಗಳಿಗೊಮ್ಮೆ ನಮ್ಮ ಪಾಳಿ ಬದಲಾಗುತ್ತಿತ್ತು. ಒಬ್ಬ ಎದ್ದು ಹೋಗುವಾಗ ಇನ್ನೊಬ್ಬ ಆಗಲೇ ಬರೆಯಲು ತೊಡಗಿರಬೇಕು, ನಡುವೆ ಒಂದು ಪದವೂ ಜಾರಬಾರದು.

ಸ್ಪೀಕರ್ ಅಧಿಕಾರ ಎಂದರೆ ಏನೆಂದು ನಾನು ಕಲಿತದ್ದು ಆ ಪೆನ್ಸಿಲ್ಲಿನಿಂದ. ನಮ್ಮ ಮೇಜಿನ ಸುತ್ತ ಮೂವತ್ತು ಜನ ಕೂಗುತ್ತಿರುತ್ತಾರೆ. ಪೀಠದಿಂದ ಒಂದು ಮಾತು ಬರುತ್ತದೆ: ಇದು ದಾಖಲೆಗೆ ಹೋಗುವುದಿಲ್ಲ. ನನ್ನ ಪೆನ್ಸಿಲ್ ಕಾಗದದಿಂದ ಮೇಲೇಳುತ್ತದೆ. ಎದುರಿಗಿರುವವರು ಇನ್ನೂ ಕೂಗುತ್ತಲೇ ಇದ್ದಾರೆ, ಬಾಯಿ ಆಡುತ್ತಿದೆ, ಕುತ್ತಿಗೆಯ ನರ ಉಬ್ಬಿದೆ. ಆದರೆ ದೇಶದ ಕಡತದಲ್ಲಿ ಅವರು ಆ ಕ್ಷಣದಿಂದ ಮೂಕರು. ಅಚ್ಚಿನಲ್ಲಿ ಅಲ್ಲಿ ಕಾಣುವುದು ನಕ್ಷತ್ರದ ಗುರುತು ಮಾತ್ರ, ಇಲ್ಲವೇ ಆವರಣದೊಳಗೆ ಒಂದು ಪದ. ಹಿಂದಿ ಕಡತದಲ್ಲಿ ಆ ಪದ "ವ್ಯವಧಾನ". ಹಿಂದಿಯಲ್ಲಿ ಅದಕ್ಕೆ ಅಡ್ಡಿ ಎಂದು ಅರ್ಥ. ನಮ್ಮ ಕನ್ನಡದಲ್ಲಿ ವ್ಯವಧಾನ ಎಂದರೆ ತಾಳ್ಮೆ. ಒಂದೇ ಪದ ಒಂದು ಭಾಷೆಯಲ್ಲಿ ಕೂಗಿದವರಿಗೂ ಇನ್ನೊಂದರಲ್ಲಿ ಕುರ್ಚಿಯಲ್ಲಿ ಕುಳಿತವರಿಗೂ ಸಲ್ಲುತ್ತಿತ್ತು. ಆ ಪದ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಊರಿನ ನೆನಪಾಗುತ್ತಿತ್ತು.

ಯಾರ ಮಾತು ಉಳಿಯಬೇಕು, ಯಾರ ಮಾತು ಅಳಿಯಬೇಕು ಎಂದು ಹೇಳುವ ಬಾಯಿ ಅದು. ಯಾರಿಗೆ ಮಾತನಾಡಲು ಅವಕಾಶ, ಯಾವ ಪ್ರಶ್ನೆ ಒಪ್ಪಿಗೆ, ಯಾವ ನಿಲುವಳಿ ಸೂಚನೆ (ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸುವ ಕೋರಿಕೆ) ತಿರಸ್ಕೃತ ಎಂದು ತೀರ್ಮಾನಿಸುವುದೂ ಅಲ್ಲೇ. ಇಷ್ಟು ಅಧಿಕಾರ ಇರುವವರ ಎದೆಯ ಮೇಲೆ ಚಿಹ್ನೆ ಇದೆಯೇ ಎಂದು ಒಂದು ಮಗು ಕೇಳಿದರೆ ಅದು ಸರಿಯಾದ ಪ್ರಶ್ನೆ.

ಇನ್ನು ಚಿಹ್ನೆಯ ವಿಷಯ. ವಿಠಲಭಾಯಿ ಪಟೇಲರ ಕಥೆ ಹೇಳಿ ಅವಳಿಗೆ. ಸರ್ದಾರ್ ಪಟೇಲರ ಅಣ್ಣ. 1925ರಲ್ಲಿ ಬ್ರಿಟಿಷರ ಕೇಂದ್ರ ಶಾಸನಸಭೆಗೆ ಚುನಾಯಿತರಾದ ಮೊದಲ ಭಾರತೀಯ ಅಧ್ಯಕ್ಷರು. ಆರಿಸಿ ಬಂದ ಕೂಡಲೇ ತಾವು ಕಟ್ಟಿ ಬೆಳೆಸಿದ ಸ್ವರಾಜ್ ಪಕ್ಷವನ್ನು ಬಿಟ್ಟರು. 1929ರ ಏಪ್ರಿಲ್ 8ರಂದು ಅವರು ಸಾರ್ವಜನಿಕ ಸುರಕ್ಷತಾ ಮಸೂದೆಯ ಬಗ್ಗೆ ರೂಲಿಂಗ್, ಅಂದರೆ ಪೀಠದ ತೀರ್ಪು, ಕೊಡಲು ಏಳುವ ಹೊತ್ತಿಗೇ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಬಾಂಬ್ ಎಸೆದದ್ದು. ಭಗತ್ ಸಿಂಗರ ಭಾಗ ಎಲ್ಲ ಮಕ್ಕಳಿಗೂ ಗೊತ್ತು. ಕೆಲವು ದಿನಗಳ ನಂತರ ಅದೇ ಪಟೇಲರು, ಕಾರ್ಮಿಕ ಮತ್ತು ಕಮ್ಯುನಿಸ್ಟ್ ನಾಯಕರ ಮೇಲಿನ ಮೀರತ್ ಪಿತೂರಿ ಮೊಕದ್ದಮೆ ನ್ಯಾಯಾಲಯದ ಮುಂದಿರುವಾಗ ಆ ಮಸೂದೆಯ ಚರ್ಚೆ ನಡೆಯುವಂತಿಲ್ಲ ಎಂದು ವೈಸ್‌ರಾಯ್ ಸರ್ಕಾರವನ್ನೇ ತಡೆದರು. ಈ ಭಾಗವನ್ನು ಯಾರೂ ಹೇಳುವುದಿಲ್ಲ. ಎಂತಹ ಎದೆಗಾರಿಕೆ!

ಸ್ವತಂತ್ರ ಭಾರತದಲ್ಲಿ ನೀಲಂ ಸಂಜೀವ ರೆಡ್ಡಿಯವರು 1967ರಲ್ಲಿ ಸ್ಪೀಕರ್ ಆದಾಗ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟರು. 1977ರಲ್ಲಿ ಅವರು ಎರಡನೇ ಬಾರಿ ಸ್ಪೀಕರ್ ಆಗಿ, ಕೆಲವೇ ತಿಂಗಳಲ್ಲಿ ರಾಷ್ಟ್ರಪತಿಯಾದಾಗ ಆ ಜಾಗಕ್ಕೆ ಬಂದವರೇ ನಿಮ್ಮ ಕೌಡೂರಿನ ಹೆಗ್ಡೆಯವರು. 1973ರಲ್ಲಿ ಸರ್ಕಾರ ಮೂವರು ಹಿರಿಯರನ್ನು ಬದಿಗಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟ್ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಬಂದವರಲ್ಲಿ ಅವರೂ ಒಬ್ಬರು. ನಾನು ಕೆಲಸಕ್ಕೆ ಸೇರುವಷ್ಟರಲ್ಲಿ ಅವರ ಅವಧಿ ಮುಗಿದಿತ್ತು. ನಮ್ಮ ಮೇಜಿನ ಹಿರಿಯರು ಅವರನ್ನು "ಜಡ್ಜ್ ಸಾಹೇಬರು" ಎಂದೇ ಕರೆಯುತ್ತಿದ್ದರು.

ನಾನೇ ಕಂಡದ್ದನ್ನು ಎರಡು ಹೇಳಿ ನಿಲ್ಲಿಸುತ್ತೇನೆ.

1999ರ ಏಪ್ರಿಲ್ 17. ವಾಜಪೇಯಿ ಸರ್ಕಾರದ ವಿಶ್ವಾಸಮತ. ಗಿರಿಧರ ಗಮಾಂಗ್ ಅವರು ಫೆಬ್ರವರಿಯಲ್ಲೇ ಒಡಿಶಾದ ಮುಖ್ಯಮಂತ್ರಿಯಾಗಿದ್ದರು, ಆದರೆ ಲೋಕಸಭೆಯ ಸದಸ್ಯತ್ವ ಬಿಟ್ಟಿರಲಿಲ್ಲ. ಅವರು ಮತ ಹಾಕಬಹುದೇ? ಪೀಠದಲ್ಲಿದ್ದವರು ಜಿ.ಎಂ.ಸಿ. ಬಾಲಯೋಗಿ. ಅವರ ತೆಲುಗುದೇಶಂ ಪಕ್ಷ ಸರ್ಕಾರವನ್ನು ಬೆಂಬಲಿಸುತ್ತಿತ್ತು. ಬಾಲಯೋಗಿಯವರು ತಡೆಯಲಿಲ್ಲ, ಅದನ್ನು ಗಮಾಂಗರ ಆತ್ಮಸಾಕ್ಷಿಗೆ ಬಿಟ್ಟರು. ಗಮಾಂಗ್ ಸರ್ಕಾರದ ವಿರುದ್ಧ ಮತ ಹಾಕಿದರು. 269 ಪರ, 270 ವಿರುದ್ಧ. ಆ ಒಂದು ಮತ ಇಲ್ಲದಿದ್ದರೆ 269ಕ್ಕೆ 269. ಆಗ ಸಂವಿಧಾನದ 100ನೇ ವಿಧಿಯಂತೆ ನಿರ್ಣಾಯಕ ಮತ ಸ್ವತಃ ಬಾಲಯೋಗಿಯವರ ಕೈಗೆ ಬರುತ್ತಿತ್ತು. ಬೇರೆ ರೂಲಿಂಗ್ ಕೊಟ್ಟಿದ್ದರೆ ಸರ್ಕಾರ ಉಳಿಯುವುದೋ ಬೀಳುವುದೋ ಅವರೊಬ್ಬರ ಬೆರಳಿನಲ್ಲಿರುತ್ತಿತ್ತು. ಅಂಕಿಗಳು ಪರದೆಯ ಮೇಲೆ ಮೂಡಿದ ಮೇಲೂ ನನ್ನ ಕೈ ಸ್ವಲ್ಪ ಹೊತ್ತು ಏನನ್ನೂ ಬರೆಯಲಿಲ್ಲ.

2008ರ ಜುಲೈ. ಅಣು ಒಪ್ಪಂದದ ವಿಷಯದಲ್ಲಿ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂತೆಗೆದುಕೊಂಡವು. ರಾಷ್ಟ್ರಪತಿಗೆ ಕೊಟ್ಟ ಸಂಸದರ ಪಟ್ಟಿಯಲ್ಲಿ ಸೋಮನಾಥ ಚಟರ್ಜಿಯವರ ಹೆಸರನ್ನೂ ಸೇರಿಸಿದ್ದರು, ಅವರು ಸ್ಪೀಕರ್ ಆಗಿದ್ದರೂ! ಪೀಠ ಬಿಟ್ಟು ಬನ್ನಿ ಎಂದಿತು ಅವರ ಪಕ್ಷ ಸಿಪಿಎಂ. ಅವರು ಬರಲಿಲ್ಲ. 22ರಂದು ವಿಶ್ವಾಸಮತ. ಮತಕ್ಕಾಗಿ ಲಂಚ ಕೊಟ್ಟರೆಂದು ಆರೋಪಿಸಿ ಬಿಜೆಪಿ ಸಂಸದರು ಸದನದಲ್ಲಿ ನೋಟಿನ ಕಂತೆಗಳನ್ನು ಎತ್ತಿ ಹಿಡಿದರು, ನಮ್ಮ ಮೇಜಿನ ಮುಂದೆಯೇ. ಸೋಮನಾಥ ಬಾಬುಗಳದು ದೊಡ್ಡ ದನಿ, ಸಿಟ್ಟೂ ಬೇಗ ಬರುತ್ತಿತ್ತು. ಅಂದು ಮಾತ್ರ ಅವರ ಮುಖದಲ್ಲಿ ನಾನು ಸಿಟ್ಟಿಗಿಂತ ನೋವನ್ನು ಹೆಚ್ಚಾಗಿ ಕಂಡೆ. ಸರ್ಕಾರಕ್ಕೆ 275, ವಿರುದ್ಧ 256. ಮರುದಿನ ಪಕ್ಷ ಅವರನ್ನು ಉಚ್ಚಾಟಿಸಿತು. ಹತ್ತು ಸಲ ಲೋಕಸಭೆಗೆ ಆರಿಸಿ ಬಂದ ಮನುಷ್ಯ. ಮುಂದಿನ ಚುನಾವಣೆಗೆ ನಿಲ್ಲಲಿಲ್ಲ.

ಚಿಹ್ನೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಹೇಳಿ. ಕುರ್ಚಿಯಲ್ಲಿ ಕುಳಿತವರೇ ಅದನ್ನು ಕಳಚಿಡಬೇಕು, ಪ್ರತಿ ದಿನ ಹನ್ನೊಂದು ಗಂಟೆಗೆ. ಕಳಚಿಟ್ಟದ್ದನ್ನೂ ನೋಡಿದ್ದೇನೆ, ಕಳಚದೆ ಕುಳಿತದ್ದನ್ನೂ ನೋಡಿದ್ದೇನೆ.

ಸಮಾಜ ಪಾಠದ ಟೀಚರ್

ಸರ್, ನಿಮ್ಮ ಬರಹವನ್ನು ಸಂಜೆ ಅವಳಿಗೆ ಓದಿ ಹೇಳಿದೆ. ಪೆನ್ಸಿಲ್ ಎತ್ತುವ ಭಾಗ ಬಂದಾಗ ತನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡಿಕೊಂಡಳು. ಆಮೇಲೆ ಕೇಳಿದಳು: "ಕಳಚಿಡದಿದ್ದರೆ ಏನೂ ಆಗುವುದಿಲ್ಲವೇ? ಕಳಚಿಟ್ಟವರಿಗೇ ಶಿಕ್ಷೆಯೇ?" ಇದಕ್ಕೆ ಯಾರಾದರೂ ಉತ್ತರ ಕೊಡಿ.

ಧಾರವಾಡದ ಕಪ್ಪು ಕೋಟು

ಇದಕ್ಕೆ ನಾನು ಬರೆಯುತ್ತೇನೆ. ಮೇಲಿನ ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಅವರೊಂದಿಗೆ ಸ್ವಲ್ಪ ಜಗಳ ಮಾಡುತ್ತೇನೆ. ಒಳ್ಳೆಯ ಮನುಷ್ಯರು ಬಂದಾಗ ಒಳ್ಳೆಯದಾಯಿತು ಎನ್ನುವುದು ಸಾಲದು. ಹುಡುಗಿ ಕೇಳಿದ್ದು ವ್ಯವಸ್ಥೆಯ ಪ್ರಶ್ನೆ.

ನ್ಯಾಯಾಧೀಶರೊಬ್ಬರು ತೀರ್ಪು ಬರೆಯುವ ವಾರದಲ್ಲೇ ಕಕ್ಷಿದಾರರೊಬ್ಬರ ಮನೆಗೆ ಹೋಗಿ "ಮುಂದಿನ ಐದು ವರ್ಷ ನನಗೆ ಕೆಲಸ ಕೊಡಿ" ಎಂದು ಕೈಮುಗಿಯುವ ಸ್ಥಿತಿಯನ್ನು ಊಹಿಸಿ. ನಮ್ಮ ಸ್ಪೀಕರ್ ಸ್ಥಿತಿ ಅದೇ. ಅವಧಿ ಮುಗಿದ ಮೇಲೆ ಟಿಕೆಟ್ ಕೊಡುವುದು ಪಕ್ಷ. ಬ್ರಿಟನ್ನಿನಲ್ಲಿ ಸ್ಪೀಕರ್ ಆದವರು ಪಕ್ಷವನ್ನು ಬಿಟ್ಟೇಬಿಡುತ್ತಾರೆ, ಮತಪತ್ರದಲ್ಲಿ "ಮರುಆಯ್ಕೆ ಬಯಸುವ ಸ್ಪೀಕರ್" ಎಂದು ನಿಲ್ಲುತ್ತಾರೆ, ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಎದುರಾಳಿಯನ್ನು ಹಾಕುವುದಿಲ್ಲ. ಅಲ್ಲಿ ಚಿಹ್ನೆ ಕಳಚಿದವರಿಗೆ ನೆಲೆ ಇದೆ. ಇಲ್ಲಿ ಕಳಚಿದವರು ಬೀದಿಯಲ್ಲಿ.

ನಮ್ಮ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. 1985ರಲ್ಲಿ ಪಕ್ಷಾಂತರ ನಿಷೇಧಕ್ಕಾಗಿ ಸೇರಿಸಿದ ಹತ್ತನೇ ಅನುಸೂಚಿಯ 5ನೇ ಪ್ಯಾರಾ ಪ್ರಕಾರ, ಸ್ಪೀಕರ್ ಆಗಿ ಆಯ್ಕೆಯಾದ ಕಾರಣಕ್ಕೆ ಪಕ್ಷ ಬಿಟ್ಟವರು ಅನರ್ಹರಾಗುವುದಿಲ್ಲ. ಹುದ್ದೆ ಬಿಟ್ಟ ಮೇಲೆ ಅದೇ ಪಕ್ಷಕ್ಕೆ ಮರಳಲೂಬಹುದು. ಬಿಡಲೇಬೇಕು ಎಂದು ಮಾತ್ರ ಎಲ್ಲೂ ಬರೆದಿಲ್ಲ. ನಿಮ್ಮ ಹುಡುಗಿಗೆ ಇದನ್ನೇ ಹೇಳಿ: ಬಿಡಬಹುದು, ಬಿಡಬೇಕಾಗಿಲ್ಲ.

ಅದೇ ಹತ್ತನೇ ಅನುಸೂಚಿ ಇನ್ನೊಂದು ಕೆಲಸ ಮಾಡಿತು. ಪಕ್ಷಾಂತರಿಗಳನ್ನು ಅನರ್ಹಗೊಳಿಸುವ ಅಧಿಕಾರವನ್ನು ಸ್ಪೀಕರ್ ಕೈಗೇ ಕೊಟ್ಟಿತು. ಅಲ್ಲಿಂದ ಆ ಕುರ್ಚಿ ಸರ್ಕಾರಗಳನ್ನು ಉಳಿಸುವ, ಉರುಳಿಸುವ ಜಾಗವಾಯಿತು. ನಮ್ಮ ರಾಜ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಅಕ್ಟೋಬರಿನಲ್ಲಿ ವಿಶ್ವಾಸಮತದ ಹಿಂದಿನ ದಿನ 16 ಶಾಸಕರನ್ನು ಅನರ್ಹಗೊಳಿಸಲಾಯಿತು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2019ರಲ್ಲಿ 17 ಶಾಸಕರು. ಆಗ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದು, ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದು ಎಂಬ ಭಾಗವನ್ನು ಕಿತ್ತುಹಾಕಿತು. ಎರಡು ಸಲವೂ ಪೀಠದಲ್ಲಿದ್ದವರ ಪಕ್ಷ ಬೇರೆ ಬೇರೆ. ಹಾಗಾಗಿ ಇದು ಒಂದು ಪಕ್ಷದ ದೋಷ ಎಂದು ಯಾರೂ ಕೈತೊಳೆದುಕೊಳ್ಳುವಂತಿಲ್ಲ.

ಸ್ಪೀಕರ್ ಆದೇಶವನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು 1992ರಲ್ಲೇ ತೀರ್ಪಾಗಿದೆ. ಆದರೆ ಆದೇಶವನ್ನೇ ಕೊಡದೆ ಕುಳಿತರೆ? ಮಣಿಪುರದ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅಸಾಧಾರಣ ಕಾರಣ ಇಲ್ಲದಿದ್ದರೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಎಂದಿತು. ಒಂದು ಪಕ್ಷದ ಸದಸ್ಯರಾಗಿಯೇ ಉಳಿಯುವ ಸ್ಪೀಕರಿಗೆ ಈ ಕೆಲಸ ಇರಬೇಕೇ, ಸ್ವತಂತ್ರ ನ್ಯಾಯಮಂಡಳಿಗೆ ಕೊಡಬಾರದೇ ಎಂದು ಸಂಸತ್ತು ಯೋಚಿಸಲಿ ಎಂದೂ ಹೇಳಿತು. ಸಂಸತ್ತು ಬದಲಾಯಿಸಲಿಲ್ಲ.

ಹಣಕಾಸು ಮಸೂದೆಯ (ಮನಿ ಬಿಲ್, ಅಂದರೆ ತೆರಿಗೆ, ಸರ್ಕಾರದ ಖರ್ಚು ಇಂಥವುಗಳ ಮಸೂದೆ) ವಿಷಯ ಚಿಕ್ಕದಾಗಿ. ಯಾವುದು ಹಣಕಾಸು ಮಸೂದೆ ಎಂದು 110ನೇ ವಿಧಿಯಂತೆ ಪ್ರಮಾಣೀಕರಿಸುವವರು ಸ್ಪೀಕರ್. ಆ ಮುದ್ರೆ ಬಿದ್ದರೆ ರಾಜ್ಯಸಭೆ ಸಲಹೆ ಕೊಡಬಹುದೇ ಹೊರತು ತಡೆಯಲಾರದು. 2016ರಲ್ಲಿ ಆಧಾರ್ ಮಸೂದೆ ಹಾಗೆಯೇ ಬಂತು. ರಾಜ್ಯಸಭೆ ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆ ತಿರಸ್ಕರಿಸಿತು. ಒಂದು ಸಹಿಯಿಂದ ಇನ್ನೊಂದು ಸದನದ ಬಾಯಿ ಕಟ್ಟುತ್ತದೆ. ಇದನ್ನು ಮಕ್ಕಳಿಗೆ ಹೇಳದೆ "ಶಿಸ್ತು ಕಾಪಾಡುವವರು" ಎಂದು ಮಾತ್ರ ಕಲಿಸುವುದು ಅನ್ಯಾಯ.

ಇನ್ನೊಂದು. ಡೆಪ್ಯುಟಿ ಸ್ಪೀಕರ್ ಹುದ್ದೆಯನ್ನು ವಿರೋಧ ಪಕ್ಷಕ್ಕೆ ಕೊಡುವ ವಾಡಿಕೆ ಇತ್ತು. ಸಂವಿಧಾನ "ಆದಷ್ಟು ಬೇಗ" ಇಬ್ಬರನ್ನೂ ಆರಿಸಿ ಎನ್ನುತ್ತದೆ. 2019ರಿಂದ 2024ರವರೆಗಿನ 17ನೇ ಲೋಕಸಭೆ ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ತನ್ನ ಪೂರ್ತಿ ಅವಧಿ ಮುಗಿಸಿತು. ಐದು ವರ್ಷ! ನಿಮ್ಮ ಅಣಕು ಸಂಸತ್ತಿನಲ್ಲಾದರೂ ವಿರೋಧ ಪಕ್ಷದಿಂದ ಒಬ್ಬರನ್ನು ಆರಿಸಿ ಟೀಚರ್.

ಚನ್ನಗಿರಿಯಿಂದ

ಕಾನೂನಿನ ಮಾತು ನನಗೆ ಅಷ್ಟು ಬಾರದು. ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರು. ಅವರು ಎದ್ದು ಕನ್ನಡ ಶುರುಮಾಡಿದಾಗ ಪೀಠದಲ್ಲಿದ್ದವರು ಇದೇ ಸಂಜೀವ ರೆಡ್ಡಿಯವರು, ನಮ್ಮ ಪಕ್ಕದ ಅನಂತಪುರ ಜಿಲ್ಲೆಯವರು. ಕೂರಿಸಲಿಲ್ಲ, ಮಾತನಾಡಲು ಬಿಟ್ಟರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾಗದವರಿಗೆ ತಾಯ್ನುಡಿಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದು ಎಂದು 120ನೇ ವಿಧಿಯಲ್ಲಿದೆ ಎಂದು ಆಮೇಲೆ ತಿಳಿದೆ. ನಮ್ಮ ತಂದೆ ಈ ಕಥೆಯನ್ನು ಹೇಳುವಾಗ ಪಟೇಲರನ್ನು ಎಷ್ಟು ಹೊಗಳುತ್ತಿದ್ದರೋ ರೆಡ್ಡಿಯವರನ್ನೂ ಅಷ್ಟೇ ಹೊಗಳುತ್ತಿದ್ದರು. "ಕೇಳುವವನು ಬಿಡದಿದ್ದರೆ ಆಡುವವನು ಏನು ಮಾಡಬೇಕು" ಎನ್ನುತ್ತಿದ್ದರು. ಆ ಹುಡುಗಿ ಮಾತು ಕಡಿಮೆ ಎಂದಿರಿ. ಆ ಕುರ್ಚಿಗೆ ಅದೇ ಸರಿ ಎಂದು ನನಗೆ ತೋರುತ್ತದೆ.

ಇನ್ನೊಂದು ವಿಷಯ ನೆನಪಾಯಿತು. 1976ರ ಜನವರಿಯಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವಿರೋಧ ಪಕ್ಷಗಳ ಎಷ್ಟೋ ನಾಯಕರು ಜೈಲಿನಲ್ಲಿದ್ದಾಗ ಸ್ಪೀಕರ್ ಸ್ಥಾನಕ್ಕೆ ಸ್ಪರ್ಧೆ ನಡೆಯಿತು. ಬಲಿರಾಮ ಭಗತ್ ಅವರ ಎದುರು ವಿರೋಧ ಪಕ್ಷದವರು ಸೂಚಿಸಿದ್ದು ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರ ಹೆಸರನ್ನು. 344ಕ್ಕೆ 58. ಸೋಲು ಗೊತ್ತಿದ್ದೂ ಹೆಸರು ಕೊಟ್ಟರಲ್ಲ, ಅದನ್ನೂ ಮಕ್ಕಳಿಗೆ ಹೇಳಿ.

ಪೆನ್ಸಿಲ್ ಮತ್ತು ಮೇಜು

ವಕೀಲರೇ, ನಿಮ್ಮ ಜಗಳವನ್ನು ಒಪ್ಪಿಕೊಂಡೆ. ಟಿಕೆಟ್ಟಿನ ಭಯ ಎಷ್ಟು ದೊಡ್ಡದು ಎಂದು ಕೆಳಗಿನ ಮೇಜಿನಿಂದ ನನಗೆ ಕಾಣುತ್ತಿತ್ತು, ಹೇಳಲು ಹಿಂಜರಿದೆ ಅಷ್ಟೇ. ಚುನಾವಣೆ ಹತ್ತಿರವಾದ ಹಾಗೆ ಪೀಠದ ಕಣ್ಣು ಒಂದು ಬದಿಯ ಮೊದಲ ಸಾಲಿನ ಕಡೆಗೆ ಹೆಚ್ಚು ಹೋಗುವುದನ್ನು ನಾವು ವರದಿಗಾರರು ಗುರುತಿಸುತ್ತಿದ್ದೆವು. ದನಿ ಬದಲಾಗುತ್ತಿರಲಿಲ್ಲ, ಕಣ್ಣು ಬದಲಾಗುತ್ತಿತ್ತು. ನೀವು ಹೇಳಿದ ಬ್ರಿಟನ್ನಿನ ಪದ್ಧತಿ ಇಲ್ಲಿ ಬಂದಿದ್ದರೆ ಸೋಮನಾಥ ಬಾಬುಗಳನ್ನು ಯಾರೂ ಉಚ್ಚಾಟಿಸುವಂತಿರಲಿಲ್ಲ, ಏಕೆಂದರೆ ಅವರು ಯಾವ ಪಕ್ಷದಲ್ಲೂ ಇರುತ್ತಿರಲಿಲ್ಲ.

ಟೀಚರ್, ಶನಿವಾರಕ್ಕೆ ಎರಡು ಮಾತು. ಧ್ವನಿಮತಕ್ಕೆ ಹಾಕಿದಾಗ ಯಾರಾದರೂ ಒಪ್ಪದಿದ್ದರೆ ಎಣಿಕೆ ಮಾಡಲೇಬೇಕು. ಲೋಕಸಭೆಯಲ್ಲಿ ಅದಕ್ಕೆ ಮೂರೂವರೆ ನಿಮಿಷ ಗಂಟೆ ಬಾರಿಸಿ ಆಮೇಲೆ ಬಾಗಿಲು ಮುಚ್ಚುತ್ತಾರೆ. ಶಾಲೆಯ ಗಂಟೆ ಇದೆಯಲ್ಲ, ಅದನ್ನೇ ಬಾರಿಸಿ. ಇನ್ನು ಮತಗಳು ಸಮನಾದರೆ ಅವಳು ಏನು ಮಾಡಬೇಕು ಎಂದು ಮೊದಲೇ ಹೇಳಿಕೊಡಿ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಸ್ಪೀಕರ್ ಡೆನಿಸನ್ ಹೆಸರಿನ ಒಂದು ಹಳೆಯ ಪದ್ಧತಿ ಇದೆ. ಚರ್ಚೆ ಇನ್ನೂ ಮುಂದುವರಿಯಬಹುದಾದರೆ ಮುಂದುವರಿಯುವ ಕಡೆಗೆ ಮತ ಹಾಕುವುದು. ಕೊನೆಯ ತೀರ್ಮಾನವಾದರೆ ಇದ್ದದ್ದು ಇದ್ದ ಹಾಗೆಯೇ ಉಳಿಯುವ ಕಡೆಗೆ ಹಾಕುವುದು. ಬಹುಮತ ಇಲ್ಲದೆ ಬದಲಾವಣೆ ಸ್ಪೀಕರ್ ಒಬ್ಬರ ಕೈಯಿಂದ ಆಗಬಾರದು ಎಂಬ ಕಾರಣಕ್ಕೆ.

ಸಮಾಜ ಪಾಠದ ಟೀಚರ್

ಶನಿವಾರ ಮುಗಿಯಿತು. ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ವಿರೋಧ ಪಕ್ಷದ ಹುಡುಗನೊಬ್ಬ ಡೆಪ್ಯುಟಿ ಸ್ಪೀಕರ್ ಆದ. ಅವಳು ಪೀಠಕ್ಕೆ, ಅಂದರೆ ನನ್ನ ಮೇಜಿಗೆ, ಬರುವ ಮೊದಲು ತನ್ನ ಬೆಂಚಿನಲ್ಲೇ ನಿಂತು ಸಮವಸ್ತ್ರದಿಂದ ತೆಂಗಿನ ಮರವನ್ನು ಬಿಚ್ಚಿದಳು. ಪಿನ್ನು ಬಟ್ಟೆಗೆ ಸಿಕ್ಕಿಕೊಂಡು ಸ್ವಲ್ಪ ಹೊತ್ತಾಯಿತು. ಇಡೀ ತರಗತಿ ಕಾಯುತ್ತಿತ್ತು. ಚಿಹ್ನೆಯನ್ನು ಜಾಮೆಟ್ರಿ ಬಾಕ್ಸಿನಲ್ಲಿಟ್ಟು ಮುಚ್ಚಳ ಹಾಕಿ ಬಂದು ಕುಳಿತಳು. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ.

ಆಡಳಿತ ಪಕ್ಷದ ಗೊತ್ತುವಳಿ ಹೀಗಿತ್ತು: ಶುಕ್ರವಾರದ ಕೊನೆಯ ಆಟದ ಅವಧಿಯನ್ನು ಗ್ರಂಥಾಲಯಕ್ಕೆ ಕೊಡಬೇಕು. ಕೂಗಾಟ ಆಯಿತು. ಒಬ್ಬ ಹುಡುಗ ಬಾವಿಗೆ, ಕಪ್ಪು ಹಲಗೆಯ ಮುಂದಕ್ಕೆ, ಬಂದೇಬಿಟ್ಟ. ಅವಳು ಎದ್ದು ನಿಂತಳು, ಒಂದು ಮಾತೂ ಆಡಲಿಲ್ಲ. ಸ್ಪೀಕರ್ ನಿಂತರೆ ಉಳಿದವರು ಕೂರಬೇಕು ಎಂದು ನಿಯಮ ಹೇಳಿಕೊಟ್ಟಿದ್ದೆ. ಅವನು ಹೋಗಿ ಕೂರುವವರೆಗೂ ಅವಳು ನಿಂತೇ ಇದ್ದಳು. ಬರೆದುಕೊಳ್ಳುತ್ತಿದ್ದ ಇಬ್ಬರು ಮಕ್ಕಳ ಪೆನ್ಸಿಲ್ ಮೇಲೆದ್ದಿತ್ತು, ಸರ್.

ಧ್ವನಿಮತದಲ್ಲಿ ತೀರ್ಮಾನವಾಗಲಿಲ್ಲ. ಗಂಟೆ ಬಾರಿಸಿ ಬಾಗಿಲು ಮುಚ್ಚಿ ಎಣಿಸಿದೆವು. ಆಡಳಿತ ಪಕ್ಷದ ಒಬ್ಬ ಹುಡುಗ ಆಟ ಬಿಡಲಾರದೆ ಆಚೆ ಹೋಗಿದ್ದ. 20 ಪರ, 20 ವಿರುದ್ಧ.

ನಮ್ಮ ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು ಅತಿ ಹೆಚ್ಚು ಓದಿದವಳು ಅವಳೇ. ಆಟದ ಮೈದಾನದಲ್ಲಿ ಅವಳನ್ನು ನಾನು ನೋಡಿದ್ದು ಕಡಿಮೆ. ಅವಳು ಕಾಗದದ ಮೇಲೆ ಬರೆದುಕೊಂಡಿದ್ದನ್ನು ಒಮ್ಮೆ ನೋಡಿ, "ಪೀಠದ ಮತ ಗೊತ್ತುವಳಿಯ ವಿರುದ್ಧ. ಆಟದ ಅವಧಿ ಈಗ ಇರುವ ಹಾಗೆಯೇ ಇರುತ್ತದೆ" ಎಂದಳು. ದನಿ ಸ್ವಲ್ಪ ನಡುಗಿತು.

ಅವಳ ಪಕ್ಷದ ಪ್ರಧಾನಿ ಹುಡುಗನಿಗೆ ಕೋಪ ಬಂತು. "ನೀನು ನಮ್ಮವಳಲ್ಲವೇ?" ಎಂದ. ಪೀಠದ ಮೂಲಕ ಮಾತನಾಡಿ ಎಂದಳು. ಅವನು ಒಂದು ಗಳಿಗೆ ಸುಮ್ಮನಿದ್ದು, "ಮಾನ್ಯ ಸಭಾಧ್ಯಕ್ಷರೇ, ಇದೇ ಗೊತ್ತುವಳಿಯನ್ನು ಮತ್ತೆ ಯಾವಾಗ ತರಬಹುದು?" ಎಂದು ಕೇಳಿದ. ಅವಳು ಬಾಗಿಲ ಬಳಿ ನಿಂತಿದ್ದ ಮುಖ್ಯೋಪಾಧ್ಯಾಯರ ಕಡೆ ನೋಡಿದಳು. ಮುಂದಿನ ತಿಂಗಳು ಎರಡನೇ ಶನಿವಾರ ರಜೆ, ಮೂರನೆಯದಕ್ಕೆ ಇಟ್ಟುಕೊಳ್ಳೋಣ ಎಂದರು ಅವರು. ಅವಳು ಅದನ್ನು ಬರೆದುಕೊಂಡಳು.